ಗಂಟಲ ಕ್ಯಾನ್ಸರ್: ಒಂದು ಪ್ರೋಟೀನು ಹೇಳುವ ಮುನ್ಸೂಚನೆ



ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ವೀಳ್ಯದೆಲೆಯ ಕಟ್ಟುಗಳನ್ನು ನೀವು ನೋಡಿರುತ್ತೀರಿ. ತಾಂಬೂಲ ಜಗಿಯುವವರಿಗೆ ಬಾಯಿ, ಗಂಟಲುಗಳ ಕ್ಯಾನ್ಸರ್ ಬರಬಹುದೆಂದೂ ಕೇಳಿರುತ್ತೀರಿ. ದೋಷ ಎಲೆಯದಲ್ಲ, ಜೊತೆಗೆ ಸೇರುವ ಅಡಿಕೆ, ಹೊಗೆಸೊಪ್ಪುಗಳದು. ನಮ್ಮ ದೇಶದಲ್ಲಿ ಇವುಗಳ ಜೊತೆಗೆ ಬೀಡಿ, ಸಿಗರೇಟು, ಮದ್ಯಪಾನಗಳೇ ಈ ರೋಗದ ಮುಖ್ಯ ಕಾರಣಗಳು. ಆದರೆ ಇಂಥ ಯಾವ ಚಟವೂ ಇಲ್ಲದವರಿಗೂ ಗಂಟಲ ಕ್ಯಾನ್ಸರ್ ಬರುವುದುಂಟು. ಅದು ಹೇಗೆ?

ಅನೇಕ ವೇಳೆ ಇದಕ್ಕೆ ಕಾರಣ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್.ಪಿ.ವಿ. ಇದರ 16ನೆಯ ಬಗೆಯು ಟಾನ್ಸಿಲ್ ಮತ್ತು ನಾಲಗೆಯ ಬುಡದ ಜೀವಕೋಶಗಳನ್ನು ಹೊಕ್ಕು ನೆಲೆಸುತ್ತದೆ. ಜೀವಕೋಶ ಮಿತಿಮೀರಿ ವಿಭಜನೆಯಾಗದಂತೆ ಆರ್‌ಬಿ ಎಂಬ ಪ್ರೋಟೀನು ತಡೆಯುತ್ತದೆ. ವೈರಸ್ಸಿನ ಇ7 ಪ್ರೋಟೀನು ಈ ಕಾವಲುಗಾರನನ್ನೇ ನಾಶಮಾಡುತ್ತದೆ. ಪಿ16 ಎಂಬ ಇನ್ನೊಂದು ಪ್ರೋಟೀನಿನ ತಯಾರಿಕೆ ಆರ್‌ಬಿಯ ಅಂಕೆಯಲ್ಲಿರುತ್ತದೆ. ಆ ಅಂಕೆ ತಪ್ಪಿದೊಡನೆ ಪಿ16 ಕೋಶದಲ್ಲಿ ತುಂಬಿಕೊಳ್ಳುತ್ತದೆ.

ಇದನ್ನು ಪತ್ತೆಹಚ್ಚುವುದು ಸುಲಭ. ಗಡ್ಡೆಯ ಚಿಕ್ಕ ತುಣುಕನ್ನು ತೆಗೆದು, ತೆಳುವಾಗಿ ಸೀಳಿ, ಪಿ16ಕ್ಕೆ ಅಂಟಿಕೊಳ್ಳುವ ಪ್ರತಿಕಾಯದ ನೆರವಿನಿಂದ ಬಣ್ಣ ಬರಿಸುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಶೇಕಡ 70 ಅಥವಾ ಹೆಚ್ಚು ಕ್ಯಾನ್ಸರ್ ಕೋಶಗಳು ಎದ್ದುಕಾಣುವ ಕಂದು ಬಣ್ಣ ತಳೆದಿದ್ದರೆ ಅದು 'ಪಿ16 ಪಾಸಿಟಿವ್'.

ಇದರಿಂದ ರೋಗಿಗೇನು ಪ್ರಯೋಜನ? 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ನೋಡಿ. ರೋಗ ಬಲಿತಿದ್ದವರ ಪೈಕಿ, ಗಡ್ಡೆಯಲ್ಲಿ ವೈರಸ್ಸಿದ್ದವರಲ್ಲಿ ಶೇಕಡ 82 ಮಂದಿ 3 ವರ್ಷಗಳ ನಂತರವೂ ಬದುಕಿದ್ದರು. ವೈರಸ್ಸಿಲ್ಲದವರಲ್ಲಿ ಶೇಕಡ 57 ಮಂದಿ ಮಾತ್ರ. ವೈರಸ್ಸಿನಿಂದಾದ ಗಡ್ಡೆ ವಿಕಿರಣ ಚಿಕಿತ್ಸೆಗೆ ಹೆಚ್ಚು ಮಣಿಯುತ್ತದೆ.

ಹಾಗೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಪಿ16 ಇದ್ದವರಿಗೆ ಸೌಮ್ಯವಾದ ಔಷಧಿ ಸಾಕೇ ಎಂದು ಪರೀಕ್ಷಿಸಲು ಸಿಸ್‌ಪ್ಲಾಟಿನ್ ಬದಲು ಸೆಟುಕ್ಸಿಮ್ಯಾಬ್ ಕೊಟ್ಟು ನೋಡಿದರು. 2018ರಲ್ಲಿ ಬಂದ ಎರಡು ಪ್ರಯೋಗಗಳ ಫಲಿತಾಂಶ ಒಂದೇ: ಔಷಧಿ ಬದಲಿಸಿದ ಗುಂಪಿನಲ್ಲಿ ಬದುಕುಳಿದವರು ಕಡಿಮೆ. ಮುನ್ಸೂಚನೆ ಒಳ್ಳೆಯದಿದ್ದರೂ ಚಿಕಿತ್ಸೆ ಪೂರ್ಣವಾಗಿಯೇ ನಡೆಯಬೇಕು.

ಇನ್ನೊಂದು ಮಾತು. 2010ರ ಅದೇ ಅಧ್ಯಯನದಲ್ಲಿ, ವೈರಸ್ಸಿದ್ದರೂ ಹೆಚ್ಚು ಧೂಮಪಾನ ಮಾಡಿದ್ದವರಿಗೆ ಸಾವಿನ ಅಪಾಯ ಹೆಚ್ಚಿತ್ತು. ಪಿ16 ಕೊಡುವ ಭರವಸೆಯನ್ನು ತಂಬಾಕು ಕಿತ್ತುಕೊಳ್ಳುತ್ತದೆ.

ಎಚ್.ಪಿ.ವಿ.ಗೆ ಲಸಿಕೆಯಿದೆ, ಸೋಂಕು ತಗಲುವ ಮೊದಲೇ, 9ರಿಂದ 14ರ ವಯಸ್ಸಿನಲ್ಲಿ ಹಾಕಿಸಿಕೊಂಡರೆ ಅದರ ಫಲ ಹೆಚ್ಚು. ತಂಬಾಕಿಗೆ ಮಾತ್ರ ಲಸಿಕೆಯಿಲ್ಲ. ಗೆಳೆಯರು ಮೊದಲ ಸಿಗರೇಟನ್ನು ಮುಂದೆ ಚಾಚಿದಾಗ 'ಬೇಡ' ಎನ್ನಬೇಕಾದವರು ನೀವೇ. ಮನೆಯಲ್ಲಿ ಯಾರಿಗಾದರೂ ಕತ್ತಿನಲ್ಲಿ ಗಂಟು ಅಥವಾ ನುಂಗುವಾಗ ನೋವು 3 ವಾರ ಕಳೆದರೂ ಹೋಗದಿದ್ದರೆ, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.