ನಿಮಗಿದು ಗೊತ್ತೆ? ಹುಟ್ಟಿದ ಮರುನಿಮಿಷವೇ ಪರೀಕ್ಷೆ!

ಕೂಸು ಹುಟ್ಟಿ ಒಂದು ನಿಮಿಷವಾಗುತ್ತಲೇ ಅದಕ್ಕೆ ಅಂಕ ಬೀಳುತ್ತದೆ. ಐದನೇ ನಿಮಿಷಕ್ಕೆ ಇನ್ನೊಮ್ಮೆ. ಮೈಬಣ್ಣ, ಎದೆಬಡಿತ, ಉಸಿರಾಟ, ಕೈಕಾಲಿನ ಬಿಗಿ, ಕೆಣಕಿದರೆ ಮುಖ ಕಿವುಚುತ್ತದೆಯೇ ಎಂಬುದು: ಒಂದೊಂದಕ್ಕೂ ಹೆಚ್ಚೆಂದರೆ 2, ಒಟ್ಟು 10. ಇದೇ ಅಪ್ಗಾರ್ ಅಂಕ. ನ್ಯೂಯಾರ್ಕಿನ ಅರಿವಳಿಕೆ ತಜ್ಞೆ ವರ್ಜೀನಿಯಾ ಅಪ್ಗಾರ್ 1952ರಲ್ಲಿ ಇದನ್ನು ರೂಪಿಸಿದರು.

ಮೊದಲ ನಿಮಿಷದಲ್ಲೇ ಹತ್ತಕ್ಕೆ ಹತ್ತು ಸಿಗುವುದು ಅಪರೂಪ. ಮೈಯೆಲ್ಲ ಕೆಂಪೇರಿದರೂ ಪುಟ್ಟ ಅಂಗೈ, ಅಂಗಾಲು ಕೊಂಚ ಹೊತ್ತು ನೀಲಿಯಾಗಿಯೇ ಇರುತ್ತವೆ. ಹಾಗಾಗಿ ಡಿಸ್ಚಾರ್ಜ್ ಚೀಟಿಯಲ್ಲಿ 8 ಎಂದೋ 9 ಎಂದೋ ಕಂಡರೆ ಗಾಬರಿ ಬೇಡ. 7ರಿಂದ ಮೇಲೆ ಸರಿಯೇ. ಅಜ್ಜ–ಅಜ್ಜಿ ಎಷ್ಟೇ ಆಸೆಪಟ್ಟರೂ ಈ ಅಂಕ ನೋಡಿ ಮೊಮ್ಮಗು ಮುಂದೆ ಎಷ್ಟು ಜಾಣ ಎಂದು ಹೇಳಲಾಗದು!

ಅಂದಹಾಗೆ, ಈ ವೈದ್ಯೆ ಪಿಟೀಲು ನುಡಿಸುತ್ತಿದ್ದರಷ್ಟೇ ಅಲ್ಲ, ತಂತಿವಾದ್ಯಗಳನ್ನು ತಾವೇ ತಯಾರಿಸುತ್ತಲೂ ಇದ್ದರು.