ಕೊಂಬೆಯ ಮೇಲಿನ ಕಾಯಕ

ಮಾಘದ ಚಳಿ ಹಿಂಜರಿಯುವ ಹೊತ್ತಿಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಯಲ್ಲಿ ಹುಣಸೆಯ ಸುಗ್ಗಿ ಮೊದಲಾಗುತ್ತದೆ. ಹೊಲದ ಬದುಗಳಲ್ಲಿ, ಕೆರೆಯ ಏರಿಯ ಕೆಳಗೆ, ಹಳೆಯ ರಸ್ತೆಗಳ ಇಕ್ಕೆಲಗಳಲ್ಲಿ ನಿಂತ ಭಾರಿ ಮರಗಳೊಳಗಿಂದ ಮನುಷ್ಯನ ಕೂಗು ಕೇಳಿಬರುತ್ತದೆ. ಮನುಷ್ಯ ಮಾತ್ರ ಕಾಣುವುದಿಲ್ಲ. ತಲೆಯೆತ್ತಿ ಹುಡುಕಿದರೆ, ಮೂವತ್ತು ನಲವತ್ತು ಅಡಿ ಎತ್ತರದಲ್ಲಿ ಬರಿಗಾಲಿನ ಒಬ್ಬಾತ ಒಂದು ಕೈಯಿಂದ ಮೇಲಿನ ಕೊಂಬೆಯನ್ನು ಹಿಡಿದು, ಕಾಲಡಿಯ ಕೊಂಬೆಯನ್ನು ತೂಕ ಹಾಕಿ ಕುಲುಕುತ್ತಿರುತ್ತಾನೆ. ಕೆಳಗೆ ಹಾಸಿದ ಟಾರ್ಪಾಲಿನ ಮೇಲೆ ಕಾಯಿಗಳು ಆಲಿಕಲ್ಲಿನಂತೆ ಉದುರುತ್ತವೆ. ನಗರದ ಮನೆಗಳಲ್ಲಿ ಸಾರಿಗೆ ಕಿವುಚುವ ಹುಣಸೆಹಣ್ಣಿನ ಪ್ರತಿಯೊಂದು ಉಂಡೆಯ ಹಿಂದೆಯೂ ಹೀಗೆ ಗಾಳಿಯಲ್ಲಿ ನಿಂತ ಒಬ್ಬ ಮನುಷ್ಯನಿರುತ್ತಾನೆ.

ಪಾಶ್ಚಾತ್ಯ ದೇಶಗಳಲ್ಲಿ ಮರವೇರಿ ಅದರ ರೋಗ ನೋಡಿ, ಒಣಗಿದ್ದನ್ನು ಕತ್ತರಿಸಿ, ವಾಲಿದ್ದನ್ನು ಬಿಗಿಯುವವನಿಗೆ ಮರದ ಶಸ್ತ್ರವೈದ್ಯನೆಂದು ಹೆಸರು. ಅವನಿಗೆ ಶಾಲೆಯುಂಟು, ಪರೀಕ್ಷೆಯುಂಟು, ಸೊಂಟಕ್ಕೆ ಪಟ್ಟಿ, ತಲೆಗೆ ಹೆಲ್ಮೆಟ್ಟು, ಮೇಲಿನ ಕವಲಿಗೆ ಬಿಗಿದ ಹಗ್ಗ, ಯಂತ್ರದ ಗರಗಸ ಎಲ್ಲವೂ ಉಂಟು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಆ ಹೆಸರಿನವರನ್ನು ಹುಡುಕಿದರೆ ಒಬ್ಬರೂ ಸಿಗಲಾರರು. ಆದರೆ ಆ ವೃತ್ತಿಯ ಬಹುಪಾಲು ಕೆಲಸ ಇಲ್ಲಿಯೂ ನಡೆಯುತ್ತದೆ. ಅದನ್ನು ಮಾಡುವವರಿಗೆ ಊರಿನಲ್ಲಿರುವ ಹೆಸರು ಬಹಳ ಚಿಕ್ಕದು: ಮರ ಹತ್ತುವವರು.

ಹುಣಸೆಯವನ ಸಲಕರಣೆಯನ್ನು ನೋಡಿದರೆ ಅದನ್ನು ಸಲಕರಣೆಯೆಂದು ಕರೆಯಲೂ ಸಂಕೋಚವಾದೀತು. ತುದಿಗೆ ಕೊಕ್ಕೆ ಕಟ್ಟಿದ ಬಿದಿರಿನ ದೋಟಿ, ಒಂದು ಮಚ್ಚು, ಒಂದು ತುಂಡು ಹಗ್ಗ, ತಲೆಗೆ ಸುತ್ತಿದ ಟವಲು. ಪಾದರಕ್ಷೆ ಇಲ್ಲ, ಏಕೆಂದರೆ ತೊಗಟೆಯ ಮೇಲೆ ಬರಿಯ ಪಾದಕ್ಕಿರುವ ಹಿಡಿತ ಯಾವ ಚರ್ಮಕ್ಕೂ ಇಲ್ಲ. ಮಿಕ್ಕದ್ದೆಲ್ಲ ಕಣ್ಣಿನಲ್ಲಿದೆ, ಕಾಲಿನಲ್ಲಿದೆ. ಹುಣಸೆಯ ಕೊಂಬೆ ಬಾಗುತ್ತದೆ, ಸುಲಭವಾಗಿ ಮುರಿಯುವುದಿಲ್ಲ; ನೇರಳೆಯದು ಮುನ್ಸೂಚನೆಯಿಲ್ಲದೆ ಲಟಕ್ಕೆಂದು ಬಿಡುತ್ತದೆ; ನುಗ್ಗೆಯನ್ನಂತೂ ನಂಬುವವನೇ ಇಲ್ಲ. ಎಲೆಯಿಲ್ಲದೆ ತೊಗಟೆ ಸುಲಿದ ಕೊಂಬೆ ಕಂಡರೆ ಹೆಜ್ಜೆಯಿಡುವ ಮೊದಲು ಮಚ್ಚಿನ ಹಿಂಬದಿಯಿಂದ ಬಡಿದು ಸದ್ದು ಕೇಳಬೇಕು. ಟೊಳ್ಳಿನ ಸದ್ದು ಬಂದರೆ ಆ ಕಡೆಯ ಹಣ್ಣು ಮರಕ್ಕೇ ಸೇರಿದ್ದು.

ಮಾಗಿದ ಹುಣಸೆಯಲ್ಲಿ ತಿರುಳು ಸೊರಗಿ ಸಿಪ್ಪೆಯಿಂದ ಬೇರ್ಪಡುತ್ತದೆ. ಬೆರಳಿನಿಂದ ತಟ್ಟಿದರೆ ಬೋಳು ಸದ್ದು. ಅನುಭವಿಯು ಇಂಥ ಕೊಂಬೆಗಳನ್ನಷ್ಟೇ ಕುಲುಕುತ್ತಾನೆ. ಅವಸರದವನು ದೋಟಿಯಿಂದ ಬಡಿಯುತ್ತಾನೆ. ಬಡಿದಾಗ ಹಣ್ಣಿನ ಸಂಗಡ ಎಳೆಯ ರೆಂಬೆಗಳೂ ಉದುರುತ್ತವೆ, ಮುಂದಿನ ವರ್ಷದ ಹೂವಿಗೆ ಕುತ್ತು ಬರುತ್ತದೆ. ಆದರೆ ಬಹಳ ಕಡೆ ಫಸಲು ಮರದಲ್ಲಿರುವಾಗಲೇ ಗುತ್ತಿಗೆಗೆ ಹೋಗಿರುತ್ತದೆ. ಗುತ್ತಿಗೆದಾರನಿಗೆ ಈ ವರ್ಷದ ಹಣ್ಣು ಬೇಕು. ಮುಂದಿನ ವರ್ಷ ಮರ ಯಾರ ಪಾಲಿಗೋ! ನಡುವೆ ನಿಂತ ಕೂಲಿಯವನಿಗೆ ಸಂಜೆಯೊಳಗೆ ಮರ ಮುಗಿಯಬೇಕು. ಬಡಿಯುವುದು ತಪ್ಪೆಂದು ಅವನಿಗೆ ತಿಳಿಯದೆಂದು ಭಾವಿಸುವುದು ಅನ್ಯಾಯ.

ಮಧುಗಿರಿಯೆಂಬ ಹೆಸರಿನಲ್ಲಿಯೇ ಜೇನಿದೆ. ಕೇಳಲು ಇಂಪಾದ ಈ ಮಾತು ಮರವೇರುವವನಿಗೆ ಅಷ್ಟೊಂದು ಇಂಪಲ್ಲ. ಹೆಜ್ಜೇನು ಎತ್ತರದ ಕೊಂಬೆಯ ಅಡಿಭಾಗದಲ್ಲಿ ಒಂದೇ ಹುಟ್ಟನ್ನು ತೂಗುಹಾಕುತ್ತದೆ. ಒಮ್ಮೆ ಕೆರಳಿದರೆ ಗುಂಪುಗುಂಪಾಗಿ ಎರಗುತ್ತದೆ. ನೆಲದ ಮೇಲಿರುವವನು ಓಡಬಹುದು. ಕೊಂಬೆಯ ಮೇಲಿರುವವನು ಓಡುವುದೆಲ್ಲಿಗೆ? ಆದ್ದರಿಂದಲೇ ಮರದ ಬುಡಕ್ಕೆ ಬಂದವನು ಮೊದಲು ಹತ್ತುವುದಿಲ್ಲ. ಒಂದು ಸುತ್ತು ಬಂದು ಮೇಲೆ ನೋಡುತ್ತಾನೆ. ಜೇನು, ಕಟ್ಟಿರುವೆ, ಪೊಟರೆಯಲ್ಲಿ ಹಾವು, ಕೊನೆಗೆ ವಿದ್ಯುತ್ತಿನ ತಂತಿ. ಈ ಕಡೆಯದು ಎಲ್ಲಕ್ಕಿಂತ ಹೊಸದು, ಎಲ್ಲಕ್ಕಿಂತ ಕ್ರೂರ. ಹಸಿಯ ಕೊಂಬೆಯೂ ನೆನೆದ ಬಿದಿರೂ ವಿದ್ಯುತ್ತನ್ನು ಹಾಯಿಸುತ್ತವೆ.

ತೆಂಗಿನ ತೋಟಕ್ಕೆ ಬಂದರೆ ವಿದ್ಯೆಯೇ ಬೇರೆ. ಅಲ್ಲಿ ಹಿಡಿಯಲು ಕೊಂಬೆಯಿಲ್ಲ. ಎರಡು ಪಾದಗಳನ್ನೂ ಹಗ್ಗದ ತಳೆಯಲ್ಲಿ ಸೇರಿಸಿ, ಕೈಗಳಿಂದ ಕಾಂಡವನ್ನು ತಬ್ಬಿ, ಮಂಡಿಗಳನ್ನು ಮಡಿಸಿ ನೀಡುತ್ತ ಮೇಲೇರಬೇಕು. ಕೆಲವರು ಸುಲಭವಾಗಲೆಂದು ಕಾಂಡದಲ್ಲಿ ಮೆಟ್ಟಿಲಿನಂತೆ ಕಚ್ಚು ಕೊಯ್ಯುವುದುಂಟು. ಮಾವು, ಬೇವುಗಳ ಗಾಯವನ್ನು ಹೊಸ ತೊಗಟೆ ಅಂಚಿನಿಂದ ಬೆಳೆದು ಮುಚ್ಚುತ್ತದೆ. ತೆಂಗಿನ ಕಾಂಡಕ್ಕೆ ಆ ಶಕ್ತಿಯಿಲ್ಲ. ಒಮ್ಮೆ ಕೊಯ್ದ ಕಚ್ಚು ಮರವಿರುವವರೆಗೂ ತೆರೆದ ಬಾಯಿ. ಅದೇ ವಾಸನೆಗೆ ಕೆಂಪುಮೂತಿ ಹುಳು ಬಂದು ಮೊಟ್ಟೆಯಿಡುತ್ತದೆ. ಮರಿಗಳು ಒಳಗೊಳಗೇ ಕೊರೆದು ತಿನ್ನುವಾಗ ಕಾಂಡಕ್ಕೆ ಕಿವಿಯಿಟ್ಟರೆ ಕರಕರ ಸದ್ದು ಕೇಳುವುದುಂಟು. ಆಗ ಸಾಮಾನ್ಯವಾಗಿ ಕಾಲ ಮಿಂಚಿರುತ್ತದೆ.

ಕಾಯಿ ಕೆಡಹುವುದಷ್ಟೇ ತೆಂಗಿನವನ ಕೆಲಸವಲ್ಲ. ಸುಳಿಯ ಬಳಿ ಕುಳಿತು ಒಣಗಿದ ಗರಿ, ಹಳೆಯ ಹೊಂಬಾಳೆ, ಕಸಗಳನ್ನು ತೆಗೆಯುತ್ತಾನೆ. ಹೊಸ ಗರಿಗಳು ಕತ್ತರಿಯಿಂದ ಕತ್ತರಿಸಿದ ಬೀಸಣಿಗೆಯಂತೆ ಬಿಚ್ಚಿಕೊಂಡಿದ್ದರೆ ಅದು ಮೂಗಿನ ಮೇಲೆ ಕೊಂಬುಳ್ಳ ಕರಿಯ ದುಂಬಿಯ ಕೆಲಸವೆಂದು ತಿಳಿದು, ಕಬ್ಬಿಣದ ಕೊಕ್ಕೆಯನ್ನು ರಂಧ್ರಕ್ಕೆ ತೂರಿಸಿ ದುಂಬಿಯನ್ನು ಹೊರಗೆಳೆಯುತ್ತಾನೆ. ಬಳಿಕ ಗರಿಗಳ ಸಂದಿಗೆ ಮರಳು ಬೆರೆಸಿದ ಬೇವಿನ ಹಿಂಡಿ ತುಂಬುತ್ತಾನೆ. ಹಸಿರು ಗರಿಯನ್ನು ಕಡಿಯಲೇಬೇಕಾದರೆ ಬುಡದಿಂದ ಸುಮಾರು 120 ಸೆಂಟಿಮೀಟರ್ ದಂಟು ಬಿಟ್ಟು ಕಡಿಯುವುದು ಕ್ರಮ. ಹುಳು ದಂಟಿನ ಗಾಯದಿಂದ ಕಾಂಡಕ್ಕೆ ಇಳಿಯದಿರಲೆಂದು. ಕಾಂಡದಿಂದ ಕೆಂಗಂದು ರಸ ಸೋರುವ ರೋಗವೊಂದುಂಟು. ಅದಕ್ಕೆ ಮಾಡುವುದು ನಿಜವಾದ ಶಸ್ತ್ರಚಿಕಿತ್ಸೆಯೇ: ಕೊಳೆತ ಭಾಗವನ್ನು ಉಳಿಯಿಂದ ಗಟ್ಟಿ ಅಂಗಾಂಶ ಕಾಣುವವರೆಗೆ ಕೆತ್ತಿ ತೆಗೆದು, ಮೈಲುತುತ್ತ ಮತ್ತು ಸುಣ್ಣ ಕಲಸಿದ ಬೋರ್ಡೋ ಮುಲಾಮನ್ನು ಬಳಿಯುವುದು. ಕೆತ್ತಿದ ಚೂರುಗಳನ್ನು ಬುಡದಲ್ಲಿ ಬಿಡದೆ ಸುಡಬೇಕು.

ಈ ವಿದ್ಯೆಗೆ ಜನ ಸಿಗುವುದು ದುರ್ಲಭವಾಗುತ್ತಿದೆಯೆಂಬುದು ತೋಟದವರ ಹಳೆಯ ಅಳಲು. ಕೇರಳದ ಕಣ್ಣೂರು ಜಿಲ್ಲೆಯ ಚೆಂಬೇರಿಯ ಜೋಸೆಫ್ ಎಂಬ ಕೃಷಿಕರು ಎರಡು ಕಬ್ಬಿಣದ ಚೌಕಟ್ಟು ಮತ್ತು ತಂತಿಹಗ್ಗಗಳಿಂದ ಒಂದು ಏರುಯಂತ್ರ ಮಾಡಿದರು. ಎಡ ಬಲ ಕಾಲುಗಳನ್ನು ಒಂದಾದ ಮೇಲೊಂದು ಎತ್ತುತ್ತ ಮೆಟ್ಟಿಲೇರುವಂತೆ ಏರಬಹುದು. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಯುವಕ ಯುವತಿಯರಿಗೆ ಯಂತ್ರದಿಂದ ಮರವೇರುವ ಆರು ದಿನಗಳ ತರಬೇತಿಯನ್ನು ಪ್ರಾರಂಭಿಸಿತು. ಹತ್ತುವವರಿಗೆಂದು ಅಪಘಾತ ವಿಮೆಯನ್ನೂ ಏರ್ಪಡಿಸಿತು. ಹೆಂಗಸರೂ ಮರವೇರಿದ್ದು ಈ ಯಂತ್ರದ ದೆಸೆಯಿಂದ. ಆದರೆ ಯಂತ್ರ ನಡೆಯುವುದು ಕವಲಿಲ್ಲದ ನೆಟ್ಟನೆಯ ಕಾಂಡದ ಮೇಲೆ ಮಾತ್ರ. ಹುಣಸೆಯವನಿಗೆ ಅದರಿಂದ ಬಂದ ಲಾಭ ಏನೂ ಇಲ್ಲ. ಬಿದ್ದವನ ಬೆನ್ನುಹುರಿಗೆ ಪೆಟ್ಟಾದರೆ ಪ್ರಾಣ ಉಳಿದರೂ ಕಾಲು ಉಳಿಯುವುದಿಲ್ಲ. ಆ ಮನೆಯ ಅಡುಗೆ ಒಲೆ ಅಂದಿನಿಂದ ಹೆಂಡತಿಯ ಕೂಲಿಯ ಮೇಲೆ ಉರಿಯಬೇಕು. ಹಣ್ಣು ಕುಟ್ಟಿ ಬೀಜ ಬೇರ್ಪಡಿಸುವ ಕೆಲಸವೂ ಹೆಚ್ಚಾಗಿ ಹೆಂಗಸರದೇ. ತುಮಕೂರಿನ ಮಾರುಕಟ್ಟೆಗೆ ಮೂಟೆ ಹೋಗುವಾಗ ಅದರ ಬೆಲೆಯಲ್ಲಿ ಇವರ ಸೊಂಟದ ಲೆಕ್ಕ ಸೇರಿರುವುದಿಲ್ಲ.

ಸರಿಯಾಗಿ ಕತ್ತರಿಸುವುದೆಂದರೇನು ಎಂಬ ಬಗ್ಗೆ ವಿದೇಶದ ಪಂಡಿತರೂ ಬಹುಕಾಲ ತಡಕಾಡಿದರು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಜಾನ್ ಡೇವಿ ಎಂಬಾತ 1901ರಲ್ಲಿ ಮರದ ವೈದ್ಯನನ್ನು ಕುರಿತೇ ಪುಸ್ತಕ ಪ್ರಕಟಿಸಿದ. ಆ ಕಾಲದಲ್ಲಿ ಹಲ್ಲಿನ ಕುಳಿಗೆ ತುಂಬುವಂತೆ ಮರದ ಪೊಟರೆಗೆ ಸಿಮೆಂಟು ತುಂಬುತ್ತಿದ್ದರು, ಕಡಿದ ಗಾಯಕ್ಕೆ ಟಾರು ಬಳಿಯುತ್ತಿದ್ದರು. ಅಲೆಕ್ಸ್ ಶೀಗೊ ಎಂಬ ಅಮೆರಿಕದ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ, 1970ರ ದಶಕದಲ್ಲಿ ಬೇರೆಯೇ ಮಾತು ಹೇಳಿದ: ಮರ ಮನುಷ್ಯನಂತೆ ಗಾಯವನ್ನು ಮಾಯಿಸಿಕೊಳ್ಳುವುದಿಲ್ಲ, ಕೊಳೆತದ ಸುತ್ತ ಒಳಗೇ ಗೋಡೆ ಕಟ್ಟಿ, ಹೊರಗೆ ಹೊಸ ಮರ ಬೆಳೆಸಿ ಮುಚ್ಚುತ್ತದೆ. ಆದ್ದರಿಂದ ಕೊಂಬೆ ಕಾಂಡವನ್ನು ಸೇರುವಲ್ಲಿ ಉಬ್ಬಿರುವ ಕೊರಳನ್ನು ಉಳಿಸಿ ಅದರ ಹೊರಗೆ ಕತ್ತರಿಸಬೇಕು. ಮೋಟು ಬಿಡಬಾರದು, ಕಾಂಡಕ್ಕೆ ಸಮನಾಗಿ ಕೆತ್ತಲೂ ಬಾರದು, ಟಾರು ಬಳಿದರೆ ಕೊಳೆತ ನಿಲ್ಲದು. ಭಾರದ ಕೊಂಬೆಗೆ ಮೂರು ಕೊಯ್ತ: ಮೊದಲು ಸ್ವಲ್ಪ ದೂರದಲ್ಲಿ ಕೆಳಗಿನಿಂದ ಅರೆಪಾಲು, ಅದಕ್ಕೂ ಆಚೆ ಮೇಲಿನಿಂದ ಪೂರ್ತಿ, ಕಡೆಯದಾಗಿ ಉಳಿದ ಮೋಟನ್ನು ಕೊರಳಿನ ಬಳಿ. ಕೆಳಗಿನ ಕೊಯ್ತವಿಲ್ಲದೆ ಮೇಲಿನಿಂದಲೇ ಕಡಿದರೆ ಬೀಳುವ ಕೊಂಬೆಯು ತೊಗಟೆಯನ್ನು ಕಾಂಡದುದ್ದಕ್ಕೂ ಸುಲಿದುಕೊಂಡು ಹೋಗುತ್ತದೆ. ರಸ್ತೆಬದಿಯ ಎಷ್ಟೋ ಬೇವು, ಹೊಂಗೆಗಳ ಮೈಮೇಲಿನ ಉದ್ದನೆಯ ಗಾಯಗಳ ಕಥೆ ಇಷ್ಟೇ.

ಮಳೆಗಾಲಕ್ಕೆ ಮುಂಚೆ ತಂತಿಗೆ ತಾಗುವ ಕೊಂಬೆಗಳನ್ನು ತೆಗೆಯುವಾಗ ಈ ಮೂರು ಕೊಯ್ತಗಳಿಗೆ ಸಮಯವೆಲ್ಲಿ? ಒಂದು ಮಗ್ಗುಲನ್ನೇ ಬೋಳಿಸಿದ ಮರ ಇನ್ನೊಂದು ಮಗ್ಗುಲಿಗೆ ವಾಲಿ, ಮೂರನೆಯ ಗಾಳಿಗೆ ಉರುಳುತ್ತದೆ. ಕರ್ನಾಟಕದ 1976ರ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಸಾಮಾನ್ಯವಾಗಿ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಹೀಗೆ ತಡೆಯಿದ್ದರೂ, ಕೆಟ್ಟದಾಗಿ ಕತ್ತರಿಸಿ ಹತ್ತು ವರ್ಷದಲ್ಲಿ ಸಾಯಿಸುವುದು ನಡೆದೇ ಇದೆ. ಮಳೆ ಕಡಿಮೆಯಾದ ಪಾವಗಡದಂಥ ಸೀಮೆಯಲ್ಲಿ ಒಂದು ಮರ ಹೋದರೆ ಅದರ ನೆರಳಿಗೆ ಒಂದು ತಲೆಮಾರು ಕಾಯಬೇಕು.

ಈ ಮರ ಹತ್ತುವವರು ಬೇಕೆಂದೇ ಹತ್ತದೆ ಬಿಡುವ ಮರಗಳೂ ಉಂಟು. ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದ ನಡುವೆ ನಿಂತ ಹುಣಸೆಮರಗಳಿಗೆ ಫೆಬ್ರವರಿಯ ಸುಮಾರಿಗೆ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಬಂದಿಳಿಯುತ್ತವೆ. ಗೂಡು ಕಟ್ಟಿ, ಮರಿ ಬೆಳೆಸಿ, ಮಳೆಗಾಲದಲ್ಲಿ ಹೊರಡುತ್ತವೆ. 1999ರಲ್ಲಿ ಈ ಸಂಗತಿ ಹೊರಜಗತ್ತಿಗೆ ತಿಳಿಯಿತು. ಊರವರಿಗೆ ಮೊದಲೇ ತಿಳಿದಿತ್ತು. ಹಕ್ಕಿ ಗೂಡು ಕಟ್ಟುವ ತಿಂಗಳುಗಳೂ ಹುಣಸೆ ಕೀಳುವ ತಿಂಗಳುಗಳೂ ಒಂದರ ಮೇಲೊಂದು ಬೀಳುತ್ತವೆ. ಕೊಂಬೆ ಕುಲುಕಿದರೆ ಹಣ್ಣಿನೊಡನೆ ಮೊಟ್ಟೆಯೂ ಬೀಳುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಇಂಥ ಮರಗಳ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡನ್ನು ಮಾಡಿತು. ಹಕ್ಕಿಯಿರುವ ಮರದ ಬುಡದಲ್ಲಿ ಹಿಕ್ಕೆಯ ನಾತವೂ, ಮೇಲಿನಿಂದ ಬಿದ್ದ ಮೀನಿನ ಚೂರುಗಳೂ ತಪ್ಪಿದ್ದಲ್ಲ. ಮಾಗಿದ ಹಣ್ಣು ಕಣ್ಣೆದುರಿಗೇ ತೂಗುತ್ತಿರುತ್ತದೆ. ದೋಟಿ ಹೊತ್ತವನು ಆ ಮರವನ್ನು ಸುತ್ತಿ ನೋಡಿ, ಪಕ್ಕದ ಮರಕ್ಕೆ ಹೋಗುತ್ತಾನೆ.