ಒಬ್ಬ ಹುಡುಗನ ಕೆಟ್ಟ ದಿನ, ಇಡೀ ಮನೆಯ ಪಾಡು: 32 ಪುಟದ ಪುಸ್ತಕ ಡಿಸ್ನಿ ಸಿನಿಮಾ ಆಗಿದ್ದು ಹೇಗೆ?

ಅಂಗಡಿ ಶಟರ್ ಎತ್ತೋಕೆ ಹೋದರೆ ಬೀಗ ಜಾಮ್. ಮೊದಲ ಗಿರಾಕಿ ಹತ್ತು ರೂಪಾಯಿ ಸಾಮಾನಿಗೆ ಐನೂರರ ನೋಟು ಹಿಡಿದು ನಿಂತಿದ್ದಾರೆ. ಹನ್ನೊಂದು ಗಂಟೆಗೆ ಕರೆಂಟ್ ಹೋಯಿತು. ಮಧ್ಯಾಹ್ನ ಬರಬೇಕಿದ್ದ ಮಾಲು ಬರಲಿಲ್ಲ. ಇಂಥ ದಿನಕ್ಕೆ ಎಲ್ಲರ ಬಾಯಲ್ಲೂ ಒಂದೇ ಮಾತು: 'ಇವತ್ತು ಬೆಳಗ್ಗೆ ಯಾರ ಮುಖ ನೋಡಿ ಎದ್ನೋ ಏನೋ.' ದೊಡ್ಡವರು ಹೀಗೆ ಗೊಣಗಿ ಸುಮ್ಮನಾಗ್ತಾರೆ. ಇದೇ ಥರದ ದಿನ ಮಗುವಿಗೆ ಬಂದರೆ ಅದು ಯಾರ ಹತ್ತಿರ ಹೇಳಿಕೊಳ್ಳಬೇಕು?

ಅಮೆರಿಕದ ಲೇಖಕಿ ಜುಡಿತ್ ವಿಯೋರ್ಸ್ಟ್ 1972ರಲ್ಲಿ ಈ ಒಂದು ಎಳೆ ಹಿಡಿದು ಮಕ್ಕಳ ಚಿತ್ರಪುಸ್ತಕ ಬರೆದರು. ಚಿತ್ರ ಬರೆದವರು ರೇ ಕ್ರೂಜ್. ಪುಸ್ತಕದ ಹೆಸರೇ ಒಂದು ಉಸಿರಿಗೆ ಹೇಳಲಾಗದಷ್ಟು ಉದ್ದ: 'ಅಲೆಕ್ಸಾಂಡರ್ ಆಂಡ್ ದ ಟೆರಿಬಲ್, ಹಾರಿಬಲ್, ನೋ ಗುಡ್, ವೆರಿ ಬ್ಯಾಡ್ ಡೇ'. 42 ವರ್ಷದ ನಂತರ, 2014ರ ಅಕ್ಟೋಬರ್‌ನಲ್ಲಿ, ಅದೇ ಹೆಸರಲ್ಲಿ ಡಿಸ್ನಿ ಕಂಪನಿಯ ಸಿನಿಮಾ ಬಂತು. ಮಕ್ಕಳ ಜೊತೆ ಕೂತು ನೋಡುವಂಥ ಹಾಸ್ಯಚಿತ್ರ ಹುಡುಕುವ ಮನೆಗಳಲ್ಲಿ ಇದರ ಹೆಸರು ಇವತ್ತಿಗೂ ಬರುತ್ತದೆ. ಆದರೆ ಪುಸ್ತಕ ಹೇಳುವ ಕಥೆಯೇ ಬೇರೆ, ಸಿನಿಮಾ ಹೇಳುವುದೇ ಬೇರೆ.

ಪುಸ್ತಕದಲ್ಲಿ ಏನಿದೆ?

ನಿಜ ಹೇಳಬೇಕೆಂದರೆ ಕಥೆ ಅನ್ನುವಂಥದ್ದು ಇಲ್ಲವೇ ಇಲ್ಲ. ಅಲೆಕ್ಸಾಂಡರ್ ಬೆಳಗ್ಗೆ ಏಳುವಾಗ ಕೂದಲಿಗೆ ಚೂಯಿಂಗ್ ಗಮ್ ಅಂಟಿಕೊಂಡಿರುತ್ತದೆ. ಮಂಚ ಇಳಿದರೆ ಸ್ಕೇಟ್‌ಬೋರ್ಡ್ ಎಡವಿಸುತ್ತದೆ. ತಿಂಡಿಯ ಡಬ್ಬದೊಳಗೆ ಅಣ್ಣಂದಿರಾದ ಆಂಥನಿ, ನಿಕ್ ಇಬ್ಬರಿಗೂ ಬಹುಮಾನ ಸಿಗುತ್ತದೆ, ಇವನಿಗೆ ಬರೀ ತಿಂಡಿ. ಶಾಲೆಯಲ್ಲಿ ಖಾಲಿ ಹಾಳೆ ಕೊಟ್ಟು, ಇದು ಕಣ್ಣಿಗೆ ಕಾಣದ ಕೋಟೆಯ ಚಿತ್ರ ಅಂತಾನೆ. ಟೀಚರ್‌ಗೆ ಪಕ್ಕದ ಹುಡುಗ ಬರೆದ ದೋಣಿಯೇ ಇಷ್ಟವಾಗುತ್ತದೆ. ಎಣಿಸುವಾಗ 16 ಬಿಟ್ಟುಹೋಗುತ್ತದೆ. ಹಲ್ಲಿನ ಡಾಕ್ಟರ್ ಹತ್ತಿರ ಮೂವರೂ ಹೋದರೆ ಹುಳುಕು ಸಿಗುವುದು ಇವನ ಹಲ್ಲಲ್ಲಿ ಮಾತ್ರ.

ಚಪ್ಪಲಿ, ಬೂಟಿನ ಅಂಗಡಿ ಇಟ್ಟವರಿಗೆ ಒಂದು ಪ್ರಸಂಗ ಚೆನ್ನಾಗಿ ಅರ್ಥವಾಗುತ್ತದೆ. ಅಣ್ಣಂದಿರಿಬ್ಬರಿಗೂ ಬೇಕಾದ ಪಟ್ಟೆಯ ಬೂಟು ಸಿಕ್ಕಿತು. ಅಲೆಕ್ಸಾಂಡರ್‌ಗೆ ಬೇಕಾದದ್ದು ಕೆಂಪು ಪಟ್ಟೆಯ ನೀಲಿ ಬೂಟು. ಅದೊಂದೇ ಸ್ಟಾಕ್ ಮುಗಿದಿದೆ! ಉಳಿದಿರುವುದು ಬರೀ ಬಿಳಿ. ಕೊಡಿಸುವುದು ನಿಮ್ಮ ಕೈಲಿದೆ, ಹಾಕಿಕೊಳ್ಳುವುದು ನನ್ನ ಕಾಲು ಅನ್ನುವ ಧಾಟಿಯಲ್ಲಿ ಹುಡುಗ ಹಟ ಹಿಡಿಯುತ್ತಾನೆ. ಶಾಲೆ ಶುರುವಾಗುವ ಮೇ ಕೊನೆ, ಜೂನ್ ಮೊದಲ ವಾರದಲ್ಲಿ ಯಾವ ಪೇಟೆಯ ಬೂಟಿನಂಗಡಿ ಮುಂದೆ ನಿಂತರೂ ಈ ದೃಶ್ಯ ಕಾಣುತ್ತದೆ.

ಒಂದೊಂದು ಪೆಟ್ಟು ಬಿದ್ದಾಗಲೂ ಹುಡುಗ ಹೇಳುವುದು ಆಸ್ಟ್ರೇಲಿಯಾಕ್ಕೆ ಹೋಗಿಬಿಡ್ತೀನಿ ಅಂತ. ರಾತ್ರಿ ಊಟಕ್ಕೂ ಅವನಿಗಾಗದ ಅವರೆಯಂಥ ಕಾಳೇ ಬಡಿಸಿರುತ್ತಾರೆ, ಬೆಕ್ಕು ಕೂಡ ಅಣ್ಣನ ಹತ್ತಿರ ಮಲಗಲು ಹೋಗುತ್ತದೆ. ಕೊನೆಗೆ ಅಮ್ಮ ಹೇಳುವುದಿಷ್ಟೇ: ಇಂಥ ದಿನಗಳು ಬರುತ್ತವೆ, ಆಸ್ಟ್ರೇಲಿಯಾದಲ್ಲೂ ಬರುತ್ತವೆ. ಪುಸ್ತಕ ಅಲ್ಲಿಗೆ ಮುಗಿಯಿತು. ಯಾರೂ ಬಂದು ಸರಿ ಮಾಡಲಿಲ್ಲ, ಯಾರಿಗೂ ಬುದ್ಧಿ ಬರಲಿಲ್ಲ, ನಾಳೆ ಒಳ್ಳೆಯದಾಗುತ್ತದೆ ಅನ್ನುವ ಗ್ಯಾರಂಟಿಯೂ ಇಲ್ಲ. ವಿಯೋರ್ಸ್ಟ್ ಅವರ ಮೂರು ಗಂಡುಮಕ್ಕಳ ಹೆಸರೂ ಆಂಥನಿ, ನಿಕೋಲಸ್, ಅಲೆಕ್ಸಾಂಡರ್. ಮನೆಯಲ್ಲಿ ಮೂರು ಹುಡುಗರನ್ನು ಸಾಕಿದವರ ಕೈಯಿಂದ ಬಂದ ಬರಹ ಅನ್ನುವುದು ಪ್ರತಿ ಪುಟದಲ್ಲೂ ಗೊತ್ತಾಗುತ್ತದೆ.

ಹತ್ತು ನಿಮಿಷದ ಓದು, 81 ನಿಮಿಷದ ಸಿನಿಮಾ

ಸಿನಿಮಾದವರಿಗೆ ತಲೆನೋವು ಶುರುವಾಗುವುದು ಇಲ್ಲೇ. ಚಿತ್ರಪುಸ್ತಕ ಓದಿ ಹೇಳಲು ಹತ್ತು ನಿಮಿಷ ಸಾಕು. ಅದನ್ನು ಒಂದೂಕಾಲು ಗಂಟೆ ಎಳೆಯಬೇಕೆಂದರೆ ಹೊಸದಾಗಿ ಏನಾದರೂ ತುಂಬಲೇಬೇಕು. ತುಂಬಿದ್ದು ಕೆಟ್ಟರೆ ಒಳ್ಳೆ ಪುಸ್ತಕದ ಹೆಸರೂ ಹಾಳು. ಡಾ. ಸ್ಯೂಸ್ ಅವರ ಪ್ರಸಿದ್ಧ 'ದ ಕ್ಯಾಟ್ ಇನ್ ದ ಹ್ಯಾಟ್' 2003ರಲ್ಲಿ ನಟರನ್ನಿಟ್ಟು ಸಿನಿಮಾ ಆದಾಗ ಆಗಿದ್ದು ಅದೇ. ಅದನ್ನು ನೋಡಿ ಬೇಸತ್ತ ಲೇಖಕರ ಪತ್ನಿ, ಇನ್ನು ಮುಂದೆ ಸ್ಯೂಸ್ ಪುಸ್ತಕಗಳನ್ನು ನಟರಿಟ್ಟು ತೆಗೆಯಲು ಬಿಡೋದಿಲ್ಲ ಎಂದುಬಿಟ್ಟರು.

ಅಲೆಕ್ಸಾಂಡರ್ ಚಿತ್ರದ ನಿರ್ದೇಶಕ ಮಿಗೆಲ್ ಆರ್ಟೆಟಾ, ಕಥೆ ಬರೆದ ರಾಬ್ ಲೀಬರ್ ಹಿಡಿದ ದಾರಿ ಬೇರೆ. ಪುಸ್ತಕದ ಕೆಟ್ಟ ದಿನವನ್ನು ಮೊದಲ ಭಾಗದಲ್ಲೇ ಮುಗಿಸಿಬಿಟ್ಟರು. ಕೂದಲಿಗೆ ಗಮ್ ಇದೆ. ಅದರ ಜೊತೆಗೆ ಶಾಲೆಯ ಲ್ಯಾಬ್‌ನಲ್ಲಿ ಇಷ್ಟದ ಹುಡುಗಿಯ ನೋಟ್‌ಬುಕ್‌ಗೆ ಬೆಂಕಿ ಬೀಳುತ್ತದೆ. ಮರುದಿನ ಅವನ 12ನೇ ಹುಟ್ಟುಹಬ್ಬ. ಅವತ್ತೇ ಇನ್ನೊಬ್ಬ ಹುಡುಗನ ಪಾರ್ಟಿ ಇದ್ದು, ಗೆಳೆಯರೆಲ್ಲ ಅಲ್ಲಿಗೆ ಹೊರಟಿದ್ದಾರೆ. ಮನೆಯಲ್ಲಿ ಹೇಳಿಕೊಂಡರೆ ಎಲ್ಲರೂ ನಗುನಗುತ್ತಾ 'ಎಲ್ಲಾ ಸರಿಹೋಗುತ್ತೆ' ಅನ್ನುವವರೇ. ಕೇಳುವವರು ಒಬ್ಬರೂ ಇಲ್ಲ. ಮಧ್ಯರಾತ್ರಿ ಹುಡುಗ ಅಡುಗೆಮನೆಯಲ್ಲಿ ಒಬ್ಬನೇ ಮೇಣದಬತ್ತಿ ಹಚ್ಚಿ, ನನ್ನಂಥ ದಿನ ಹೇಗಿರುತ್ತೆ ಅಂತ ಇವರಿಗೂ ಒಮ್ಮೆ ಗೊತ್ತಾಗಲಿ ಎಂದು ಬೇಡಿಕೊಂಡು ಊದುತ್ತಾನೆ.

ಬೆಳಗಾದರೆ ಮನೆಮಂದಿಗೆಲ್ಲ ಗ್ರಹಚಾರ. ಪುಸ್ತಕದಲ್ಲಿ ಒಬ್ಬನದಾಗಿದ್ದ ಕೆಟ್ಟ ದಿನ ಇಲ್ಲಿ ಆರು ಜನಕ್ಕೆ ಹಂಚಿಹೋಗುತ್ತದೆ. ಅದಕ್ಕಾಗಿಯೇ ಕುಟುಂಬವನ್ನೂ ಬದಲಾಯಿಸಿದ್ದಾರೆ: ಅಣ್ಣ ನಿಕ್ ಇಲ್ಲ, ಅವನ ಬದಲು ಅಕ್ಕ ಎಮಿಲಿ ಮತ್ತು ಕೈಕೂಸು ಟ್ರೆವರ್ ಇದ್ದಾರೆ. ಅಣ್ಣ ಆಂಥನಿಗೆ ಅವತ್ತೇ ಡ್ರೈವಿಂಗ್ ಟೆಸ್ಟ್. ಪಾರ್ಕಿಂಗ್ ಮೀಟರ್‌ಗಳನ್ನು ಸಾಲಾಗಿ ಗುದ್ದಿ ಕಾರು ನುಜ್ಜುಗುಜ್ಜು. ಶಾಲಾ ನಾಟಕದಲ್ಲಿ ಪೀಟರ್ ಪ್ಯಾನ್ ಆಗಬೇಕಿದ್ದ ಎಮಿಲಿಗೆ ನೆಗಡಿ, ಅದಕ್ಕೆ ಕೆಮ್ಮಿನ ಸಿರಪ್ ಅಳತೆ ಮೀರಿ ಕುಡಿದು ರಂಗದ ಮೇಲೆ ಅವಾಂತರ. ಕೂಸಿನ ಮುಖವೆಲ್ಲ ಹಸಿರು ಶಾಯಿ.

ದೊಡ್ಡವರ ಭಾಗವೇ ಈ ಚಿತ್ರದ ಜೀವ. ಅಪ್ಪ ಬೆನ್ (ಸ್ಟೀವ್ ಕರೆಲ್) ಕೆಲಸ ಕಳೆದುಕೊಂಡು ತಿಂಗಳುಗಳಾಗಿವೆ, ಮನೆಯಲ್ಲಿ ಕೂಸು ನೋಡಿಕೊಳ್ಳುತ್ತಿದ್ದಾರೆ. ಅವತ್ತು ಅಪರೂಪಕ್ಕೆ ಒಂದು ಸಂದರ್ಶನ. ಅಮ್ಮ ಕೆಲ್ಲಿ (ಜೆನಿಫರ್ ಗಾರ್ನರ್) ಪ್ರಕಾಶನ ಸಂಸ್ಥೆಯಲ್ಲಿದ್ದಾರೆ. ಮನೆ ನಡೆಯುತ್ತಿರುವುದು ಅವರ ಸಂಬಳದಲ್ಲಿ. ಅಂದರೆ ಅವತ್ತು ತಪ್ಪಾದರೆ ಬರೀ ನಗೆಪಾಟಲಲ್ಲ, ಬಾಡಿಗೆ, ಫೀಸಿನ ಪ್ರಶ್ನೆ. ಸ್ಟೀವ್ ಕರೆಲ್ ಕಡಲ್ಗಳ್ಳರ ಥರದ ಅಂಗಿ ಹಾಕಿ ಸಂದರ್ಶನಕ್ಕೆ ಹೋಗಿ, ತೋಳಿಗೆ ಬೆಂಕಿ ಹತ್ತಿಸಿಕೊಳ್ಳುವಾಗ ನಗು ಬರುತ್ತದೆ. ಆ ನಗುವಿನ ಹಿಂದೆಯೇ 'ಪಾಪ, ಈ ಕೆಲಸವೂ ಹೋಯಿತಲ್ಲ' ಅನ್ನಿಸುವುದೂ ಇದೆ. ಮಕ್ಕಳಿಗೆ ಮೊದಲನೆಯದು ಕಾಣುತ್ತದೆ, ಪಕ್ಕದಲ್ಲಿ ಕೂತ ಅಪ್ಪ ಅಮ್ಮಂದಿರಿಗೆ ಎರಡನೆಯದು.

ಪ್ರಿಂಟಿಂಗ್ ಪ್ರೆಸ್‌ನವರು, ಲಗ್ನಪತ್ರಿಕೆ ಅಚ್ಚು ಹಾಕಿಸಿದವರು ಕೆಲ್ಲಿಯ ಪ್ರಸಂಗ ನೋಡಲೇಬೇಕು. ಮಕ್ಕಳಿಗೆ ಕಕ್ಕಸಿನ ಅಭ್ಯಾಸ ಕಲಿಸುವ ಪುಸ್ತಕವೊಂದರಲ್ಲಿ 'ಜಂಪ್' ಎಂದಿರಬೇಕಾದಲ್ಲೆಲ್ಲ ಒಂದಕ್ಷರ ತಪ್ಪಿ 'ಡಂಪ್' ಎಂದಾಗಿದೆ. ಜಂಪ್ ಅಂದರೆ ಜಿಗಿ. ಡಂಪ್ ಅಂದರೆ ಅಲ್ಲಿನ ಆಡುಮಾತಲ್ಲಿ ಎರಡಕ್ಕೆ ಹೋಗುವುದು. ಪುಟ್ಟ ಮಕ್ಕಳು ತುಂಬಿದ ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಲು ಬಂದವರು 'ಮೇರಿ ಪಾಪಿನ್ಸ್' ಖ್ಯಾತಿಯ ಹಿರಿಯ ನಟ ಡಿಕ್ ವ್ಯಾನ್ ಡೈಕ್, ತಮ್ಮದೇ ಹೆಸರಿನಲ್ಲಿ. ತಪ್ಪು ತಡೆಯಲು ಅಮ್ಮ ಊರೆಲ್ಲ ಓಡುತ್ತಾರೆ, ಹೊತ್ತಿಗೆ ಸರಿಯಾಗಿ ಮುಟ್ಟುವುದಿಲ್ಲ. ಪ್ರೂಫ್ ನೋಡದೆ ಅಚ್ಚಿಗೆ ಬಿಟ್ಟವರಿಗೆ ಈ ಓಟದ ಬಿಸಿ ಗೊತ್ತು.

ಸಿಕ್ಕಿದ್ದೇನು, ಕಳೆದದ್ದೇನು?

ಚಿತ್ರ ಪುಸ್ತಕವನ್ನು ಒಂದು ಕಡೆ ಸ್ವಲ್ಪ ಸಡಿಲ ಮಾಡಿದೆ. ಪುಸ್ತಕದ ಅಲೆಕ್ಸಾಂಡರ್ ಒಬ್ಬಂಟಿ. ಉಳಿದವರ ದಿನ ಚೆನ್ನಾಗಿಯೇ ಇದೆ, ಅದೇ ಅವನ ಸಂಕಟ. ಸಿನಿಮಾದಲ್ಲಿ ಎಲ್ಲರೂ ಒಟ್ಟಿಗೆ ಗುಂಡಿಗೆ ಬೀಳುವುದರಿಂದ ಸಂಕಟ ಹಗುರ. ಕೊನೆಗೆ ಅಪ್ಪನಿಗೆ ಕೆಲಸ ಸಿಗುತ್ತದೆ, ಅಮ್ಮನ ಕೆಲಸ ಉಳಿಯುತ್ತದೆ, ಆಸ್ಟ್ರೇಲಿಯಾದ ಪ್ರಾಣಿಗಳ ನಡುವೆ ಭರ್ಜರಿ ಹುಟ್ಟುಹಬ್ಬ. ಇದು ಡಿಸ್ನಿಯ ಲೆಕ್ಕ. ಪುಸ್ತಕಕ್ಕೆ ಇಷ್ಟು ಸಿಹಿ ಬೇಕಿರಲಿಲ್ಲ. ಆದರೂ 'ಹೋಗ್ಲಿ ಬಿಡೋ, ಅದೇನು ದೊಡ್ಡ ವಿಷಯ' ಎಂದು ಮಗುವಿನ ಮಾತನ್ನು ತಳ್ಳಿಹಾಕುವ ಮನೆ ಹೇಗಿರುತ್ತದೆ ಎಂಬುದನ್ನು ಸಿನಿಮಾ ಪುಸ್ತಕಕ್ಕಿಂತ ಬಿಡಿಸಿ ತೋರಿಸುತ್ತದೆ. ಆ ಅಪ್ಪ ಅಮ್ಮ ಕೆಟ್ಟವರಲ್ಲ. ಕೆಲಸ, ಕೂಸು, ಟೆಸ್ಟು, ನಾಟಕ ಅಂತ ಪುರುಸೊತ್ತಿಲ್ಲದವರು, ಅಷ್ಟೇ.

ವ್ಯಾಪಾರದ ಲೆಕ್ಕದಲ್ಲಿ ಸೋತಿಲ್ಲ. ಸುಮಾರು 2.8 ಕೋಟಿ ಡಾಲರ್ ಖರ್ಚಿನ ಚಿತ್ರ ಜಗತ್ತಿನಾದ್ಯಂತ ಸುಮಾರು 10 ಕೋಟಿ ಡಾಲರ್ ಗಳಿಸಿತು. 2025ರ ಮಾರ್ಚ್‌ನಲ್ಲಿ 'ವೆರಿ ಬ್ಯಾಡ್ ರೋಡ್ ಟ್ರಿಪ್' ಎಂಬ ಇನ್ನೊಂದು ಚಿತ್ರವೂ ಬಂತು. ಅದು ಥಿಯೇಟರ್‌ಗೆ ಬಾರದೆ ನೇರ ಡಿಸ್ನಿಯ ಒಟಿಟಿಯಲ್ಲಿ ಬಿಡುಗಡೆಯಾಯಿತು. ಕುಟುಂಬ ಬೇರೆ, ನಟರೂ ಬೇರೆ, ಹುಡುಗನ ಹೆಸರು ಮಾತ್ರ ಅದೇ.

ಮಕ್ಕಳಿಗೆ ಹಾಕಿಕೊಡುವ ಮುನ್ನ ತಿಳಿದಿರಲಿ: 2014ರ ಚಿತ್ರಕ್ಕೆ ಅಮೆರಿಕದಲ್ಲಿ ಸಿಕ್ಕಿದ್ದು 'ಪಿಜಿ' ಪ್ರಮಾಣಪತ್ರ, ಅಂದರೆ ದೊಡ್ಡವರು ಜೊತೆಗಿದ್ದರೆ ಒಳ್ಳೆಯದು. ಕಕ್ಕಸಿನ ಹಾಸ್ಯ ಇದೆ. ಹುಟ್ಟುಹಬ್ಬದ ದೃಶ್ಯಕ್ಕೆ ಅಂಗಿ ಬಿಚ್ಚಿ ಕುಣಿಯುವ ಗಂಡಸರ ತಂಡವೊಂದು ಬರುತ್ತದೆ. ಅಜ್ಜಿ ತಾತ ಪಕ್ಕದಲ್ಲಿದ್ದರೆ ಆ ಎರಡು ನಿಮಿಷ ಮುಜುಗರ. ಸಿರಪ್ ಕುಡಿಯುವ ಪ್ರಸಂಗದ ಬಗ್ಗೆ ಚಿಕ್ಕ ಮಕ್ಕಳಿಗೆ, ಹಾಗೆ ಮಾಡಬಾರದು ಅಂತ ಬಾಯಿಬಿಟ್ಟು ಹೇಳಿಬಿಡುವುದು ಮೇಲು.

ಇನ್ನು ಆಸ್ಟ್ರೇಲಿಯಾದ ವಿಷಯ. ಸಿನಿಮಾದಲ್ಲಿ ಅಲೆಕ್ಸಾಂಡರ್ ಆದ ಎಡ್ ಆಕ್ಸನ್‌ಬೋಲ್ಡ್ ಎಂಬ ಹುಡುಗ ಆಸ್ಟ್ರೇಲಿಯಾದ ಮೆಲ್ಬರ್ನ್‌ನವನು. ಆ ದೇಶದಲ್ಲಿ ಮಾರಾಟವಾಗುವ ಪುಸ್ತಕದಲ್ಲಿ ಮಾತ್ರ ಒಂದು ಹೆಸರು ಬದಲಾಗಿದೆ. ಅಲ್ಲಿನ ಮಕ್ಕಳು ಓದುವ ಅಲೆಕ್ಸಾಂಡರ್ ಬೇಜಾರಾದಾಗಲೆಲ್ಲ ಹೊರಡುವುದು ಆಫ್ರಿಕದ ಟಿಂಬಕ್ಟುಗೆ.